ಬೇಸಿಗೆ ರಜೆಯಲ್ಲಿ ಬೆಟ್ಟ ಹತ್ತುವ ಮುನ್ನ

ಹೋದ ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮ ಧರ್ಮಕೇಂದ್ರದ ರೈತರೊಬ್ಬರು ಬಾಗಿಲ ಬಳಿ ಕಾದು ನಿಂತಿದ್ದರು. ವಯಸ್ಸು ಐವತ್ತೆರಡು. ತೆಂಗಿನ ತೋಟ, ಎರಡು ಹಸು, ಓದುತ್ತಿರುವ ಇಬ್ಬರು ಗಂಡುಮಕ್ಕಳು.

“ಸ್ವಾಮಿ, ಹುಡುಗರಿಗೆ ರಜಾ ಬಿಟ್ಟಿದೆ. ಬೆಟ್ಟ ಹತ್ತಲೇಬೇಕು ಅಂತ ಹಟ ಹಿಡಿದಿದ್ದಾರೆ. ನನ್ನನ್ನೂ ಬಾ ಅಂತಾರೆ. ಹೋಗಿ ಬರಲಾ?”

“ಒಳ್ಳೆಯದೇ ಅಲ್ಲವೇ? ಬಿ.ಪಿ. ಮಾತ್ರೆ ಸರಿಯಾಗಿ ತಗೊಳ್ತಾ ಇದ್ದೀರಾ?” ಎಂದು ಕೇಳಿದೆ.

ಅವರು ನಕ್ಕುಬಿಟ್ಟರು. “ಮಾತ್ರೆ ಮುಗಿದು ಎರಡು ವಾರ ಆಯ್ತು ಸ್ವಾಮಿ. ತರೋಕೆ ಪುರುಸೊತ್ತಾಗಿಲ್ಲ. ದಿನವೆಲ್ಲಾ ತೋಟದಲ್ಲಿ ದುಡಿಯೋ ಮೈಗೆ ಬೆಟ್ಟ ಯಾವ ಲೆಕ್ಕ?”

ಈ ಒಂದು ಮಾತೇ ಈ ತಿಂಗಳ ಲೇಖನಕ್ಕೆ ಕಾರಣ. “ದುಡಿಯೋ ಮೈಗೆ ಬೆಟ್ಟ ಯಾವ ಲೆಕ್ಕ” ಎಂಬ ಧೈರ್ಯ ನಮ್ಮಲ್ಲಿ ಬಹುಮಂದಿಗೆ ಇದೆ. ಆ ಧೈರ್ಯದ ಮೇಲೆಯೇ ಮನೆಯಿಂದ ಹೊರಟು ಹಿಂದಿರುಗದವರೂ ಇದ್ದಾರೆ. ಹಾಗೆಂದು ಬೆಟ್ಟಕ್ಕೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಬೇಕು, ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕು. ಹೇಗೆ, ಯಾವಾಗ, ಯಾರು ಹೋಗಬೇಕು ಎಂಬುದನ್ನು ಮಾತ್ರ ತಿಳಿದು ಹೋಗಬೇಕು.

ನಮ್ಮ ನೀರು ಬರುವುದು ಅಲ್ಲಿಂದಲೇ

ಕೊಯಮತ್ತೂರು, ತಿರುಪ್ಪೂರು ಸೀಮೆಯ ರೈತನಿಗೆ ಬೆಟ್ಟವೆಂದರೆ ಬರೀ ಪ್ರವಾಸದ ಜಾಗವಲ್ಲ. ಪಶ್ಚಿಮಕ್ಕೆ ಕಾಣುವ ಆ ನೀಲಿ ಗೋಡೆಯೇ ನಮ್ಮ ನೀರಿನ ತೊಟ್ಟಿ. ನೊಯ್ಯಲ್ ನದಿ ಹುಟ್ಟುವುದು ವೆಳ್ಳಿಯಂಗಿರಿ ಬೆಟ್ಟಸಾಲಿನಲ್ಲಿ. ಅಲ್ಲಿಂದ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿಯನ್ನು ಸೇರುತ್ತದೆ. ಆಳಿಯಾರು, ಅಮರಾವತಿ ಅಣೆಕಟ್ಟುಗಳಿಗೆ ನೀರು ಇಳಿಯುವುದೂ ಬೆಟ್ಟದಿಂದಲೇ. ಪರಂಬಿಕುಳಂ-ಆಳಿಯಾರು ಯೋಜನೆಯ ನೀರು ಬೆಟ್ಟದ ಮಗ್ಗುಲಲ್ಲೇ ಕಾಲುವೆಯಾಗಿ ಹರಿದು ತಿರುಮೂರ್ತಿ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಉಡುಮಲೈ, ಪೊಳ್ಳಾಚಿ, ಪಲ್ಲಡಂ, ಕಾಂಗೇಯಂ ಕಡೆಯ ಹೊಲಗಳಿಗೆ ನಾಲ್ಕು ಮಂಡಲಗಳಾಗಿ ಸರದಿಯ ಮೇಲೆ ನೀರು ಬಿಡುತ್ತಾರೆ. “ನಮ್ಮ ಮಂಡಲದ ಸರದಿ ಯಾವಾಗ” ಎಂದು ಕಾದು ಕೂರುವ ನಮಗೆ, ಆ ನೀರು ಎಲ್ಲಿಂದ ಹೊರಟಿತು ಎಂದು ನೋಡಿ ಬರಬೇಕೆಂಬ ಆಸೆ ಬರುವುದು ಸಹಜ.

ವಾಲ್ಪಾರೈ ಹತ್ತಿರದ ಚಿನ್ನಕಲ್ಲಾರು ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. ಅಲ್ಲಿ ತಿಂಗಳುಗಟ್ಟಲೆ ಸುರಿಯುವ ಮುಂಗಾರು ಮಳೆಗೆ ಬೆಟ್ಟವೇ ಅಡ್ಡ ನಿಲ್ಲುವುದರಿಂದ ಕೆಳಗಿನ ನಮ್ಮ ಹೊಲಗಳಿಗೆ ಬರೀ ಗಾಳಿ ಸಿಗುತ್ತದೆ. ಒಂದೇ ಜಿಲ್ಲೆಯಲ್ಲಿ ಮೇಲೆ ಜಡಿಮಳೆ, ಕೆಳಗೆ ಒಣ ಗಾಳಿ. ಪುಸ್ತಕದಲ್ಲಿ ನಾಲ್ಕು ಸಲ ಓದಿದರೂ ತಲೆಗೆ ಹೋಗದ ಈ ಪಾಠ, ಆಳಿಯಾರಿನಿಂದ ನಲವತ್ತು ತಿರುವುಗಳ ದಾರಿಯಲ್ಲಿ ಒಮ್ಮೆ ವಾಲ್ಪಾರೈಗೆ ಹೋಗಿ ಬಂದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಎಲ್ಲ ತಿಂಗಳೂ ಬೆಟ್ಟದ ತಿಂಗಳಲ್ಲ

ಬೇಸಿಗೆ ಎಂದರೆ ಕಾಡಿಗೆ ಬೆಂಕಿಯ ಕಾಲ. ಮಾಘ-ಫಾಲ್ಗುಣದಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಮಧ್ಯಾಹ್ನದ ಗಾಳಿಗೆ ಬೆಂಕಿಯು ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡುತ್ತದೆ. ಸಮನೆಲದಲ್ಲಿ ಹರಡುವುದಕ್ಕಿಂತ ಎಷ್ಟೋ ವೇಗ ಅದಕ್ಕೆ. ಬೆಟ್ಟದ ಮೇಲಿರುವ ಮನುಷ್ಯ ಅದಕ್ಕಿಂತ ಬೇಗ ಓಡಲಾರ.

2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ ನಡೆದುದನ್ನು ನಾವು ಮರೆಯಬಾರದು. ಕೊಳುಕ್ಕುಮಲೆಯ ಕಡೆಯಿಂದ ಇಳಿದು ಬರುತ್ತಿದ್ದ ಚಾರಣಿಗರನ್ನು ಕಾಡ್ಗಿಚ್ಚು ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರ ತಂಡಗಳಲ್ಲಿ ಒಂದು ನಮ್ಮ ಈರೋಡು, ತಿರುಪ್ಪೂರು ಕಡೆಯಿಂದಲೇ ಹೋದದ್ದು. ವಾರದ ಕೊನೆಯ ಎರಡು ದಿನ ರಜೆಯೆಂದು ಹೊರಟ ಹುಡುಗ ಹುಡುಗಿಯರು ಅವರು.

ಆ ವರ್ಷವೇ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯೇ ರಾಜ್ಯದ ನಲವತ್ತು ದಾರಿಗಳನ್ನು ಗುರುತಿಸಿ, ಮುಂಗಡ ನೋಂದಣಿ ಮತ್ತು ಮಾರ್ಗದರ್ಶಿಗಳ ವ್ಯವಸ್ಥೆ ಮಾಡಿತು. ಅವುಗಳಲ್ಲಿ ಹಲವು ನಮ್ಮ ಆನೆಮಲೆ, ಕೊಯಮತ್ತೂರು ಅರಣ್ಯಗಳಲ್ಲಿವೆ. ದಾರಿ ತೋರಿಸುವವರು ಹೆಚ್ಚಾಗಿ ಬೆಟ್ಟದಲ್ಲೇ ಹುಟ್ಟಿ ಬೆಳೆದ ಬುಡಕಟ್ಟಿನ ಯುವಕರು. ಆನೆ ಎಲ್ಲಿ ನಿಂತಿದೆ ಎಂಬುದನ್ನು ವಾಸನೆಯಿಂದಲೇ ಹೇಳಬಲ್ಲವರು. ಕೊಡುವ ಹಣ ಅವರ ಮನೆಗೂ ಸೇರುತ್ತದೆ, ನಮ್ಮ ಜೀವಕ್ಕೂ ಕಾವಲು.

ಬೆಂಕಿಯ ಕಾಲದಲ್ಲಿ ಈ ದಾರಿಗಳನ್ನು ಮುಚ್ಚುತ್ತಾರೆ. ಆದುದರಿಂದ ಹೊರಡುವ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸಿರಿ. “ನಮ್ಮ ಊರಿನವನೊಬ್ಬನಿಗೆ ಒಳದಾರಿ ಗೊತ್ತು” ಎಂದು ನಂಬಿ ಅನುಮತಿಯಿಲ್ಲದೆ ನುಗ್ಗಬೇಡಿ. ಅನುಮತಿಯಿಲ್ಲದೆ ಹೋದವರನ್ನು ಹುಡುಕಲು ಯಾರಿಗೂ ಸುಳಿವೇ ಇರುವುದಿಲ್ಲ. ಒಂದೆರಡು ಮಳೆ ಬಿದ್ದು ಹಸಿರು ಚಿಗುರಿದ ಮೇಲೆ, ಮುಂಗಾರು ಬಲವಾಗುವ ಮೊದಲು, ಮೇ ತಿಂಗಳಲ್ಲಿ ಕೆಲವು ದಿನ ಅನುಕೂಲ ಸಿಗಬಹುದು. ಅವಸರವಿಲ್ಲದವರಿಗೆ ಡಿಸೆಂಬರ್, ಜನವರಿಯೇ ಉತ್ತಮ.

ಹೊಲದ ದುಡಿಮೆ ಬೇರೆ, ಬೆಟ್ಟದ ಏರು ಬೇರೆ

ಈಗ ಆರೋಗ್ಯದ ಮಾತು. ಹೊಲದಲ್ಲಿ ನಾವು ನಮ್ಮ ಮೈಯ ಇಷ್ಟದಂತೆ ಕೆಲಸ ಮಾಡುತ್ತೇವೆ. ಸುಸ್ತಾದರೆ ಬೇವಿನ ಮರದ ಕೆಳಗೆ ಕೂರುತ್ತೇವೆ, ಮಜ್ಜಿಗೆ ಕುಡಿಯುತ್ತೇವೆ. ಬೆಟ್ಟದಲ್ಲಿ ಜೊತೆಯವರ ವೇಗ ನಮ್ಮನ್ನು ಎಳೆಯುತ್ತದೆ. ಮೈಯ ಪೂರ್ತಿ ತೂಕವನ್ನು ಗಂಟೆಗಟ್ಟಲೆ ಮೇಲಕ್ಕೆ ಎತ್ತುವಾಗ ಹೃದಯ ಎರಡು ಪಟ್ಟು ಬಡಿಯುತ್ತದೆ. ಒಳಗೆ ರಕ್ತನಾಳ ಕಿರಿದಾಗಿದ್ದರೆ ತೋಟದಲ್ಲಿ ತಿಳಿಯದ ದೋಷ ಅಲ್ಲಿ ತಿಳಿಯುತ್ತದೆ.

ವೆಳ್ಳಿಯಂಗಿರಿಗೆ ಪ್ರತಿ ವರ್ಷ ಫೆಬ್ರವರಿಯಿಂದ ಮೇ ತನಕ ಪೂಂಡಿಯಿಂದ ಏಳು ಬೆಟ್ಟ ಹತ್ತುವ ಹಿಂದೂ ಬಾಂಧವರು ಸಾವಿರಾರು. ಬಿಸಿಲಿಗೆ ಹೆದರಿ ಬಹುಮಂದಿ ರಾತ್ರಿಯಲ್ಲೇ ಬಿದಿರು ಕೋಲು ಹಿಡಿದು ಹೊರಡುತ್ತಾರೆ. 2024ರ ಬೇಸಿಗೆಯಲ್ಲಿ ಆ ಏರಿನಲ್ಲಿ ಉಸಿರು ಕಟ್ಟಿ, ಎದೆ ನೋವು ಬಂದು ಹಲವರು ತೀರಿಕೊಂಡರು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹತ್ತಬೇಡಿರೆಂದು ಅರಣ್ಯ ಇಲಾಖೆ ಕೇಳಿಕೊಂಡಿತು. ಭಕ್ತಿಯಿಂದ ಹೋದವರಿಗೂ ಮೋಜಿಗೆ ಹೋದವರಿಗೂ ದೇಹದ ನಿಯಮ ಒಂದೇ.

ಆದುದರಿಂದ ಈ ಕೆಳಗಿನವರು ವೈದ್ಯರನ್ನು ಕಾಣದೆ ಹೊರಡಬಾರದು: ನಲವತ್ತು ದಾಟಿ ಬಹುಕಾಲದಿಂದ ಏರು ಹತ್ತದವರು; ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು; ಬೀಡಿ ಸಿಗರೇಟು ಬಿಡದವರು; ತಂದೆಗೋ ಅಣ್ಣನಿಗೋ ಸಣ್ಣ ವಯಸ್ಸಿನಲ್ಲಿ ಹೃದಯಾಘಾತವಾದವರು. ಸರ್ಕಾರಿ ಆಸ್ಪತ್ರೆಯಲ್ಲಿ ಒತ್ತಡ ನೋಡಿಸಿ, ಒಂದು ಇ.ಸಿ.ಜಿ. ತೆಗೆಸಿದರೆ ಅರ್ಧ ದಿನ ಹೋಗಬಹುದು, ಅಷ್ಟೇ.

ಹೊರಡುವ ಒಂದು ತಿಂಗಳ ಮೊದಲೇ ಅಭ್ಯಾಸ ಆರಂಭಿಸಿರಿ. ಮುಂಜಾನೆ ಕಾಲುವೆಯ ಏರಿಯ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಹತ್ತಿರ ಗುಡ್ಡವಿದ್ದರೆ ವಾರಕ್ಕೆ ಎರಡು ಸಲ ಹತ್ತಿ ಇಳಿಯಿರಿ. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಮಾತಿಗೆ ಉಸಿರು ಸಾಲದಿದ್ದರೆ ನಿಧಾನಿಸಿರಿ. ಬೆಟ್ಟದಲ್ಲಿಯೂ ಇದೇ ಅಳತೆಗೋಲು.

ಏರುವಾಗ ಎದೆ ಹಿಡಿದಂತಾಗಿ, ದವಡೆಗೋ ಎಡಗೈಗೋ ನೋವು ಹರಿದು, ತಣ್ಣನೆ ಬೆವರು ಬಂದರೆ “ಗ್ಯಾಸು” ಎಂದು ಸೋಡಾ ಹುಡುಕಬೇಡಿ. ಅಲ್ಲೇ ಕುಳಿತು ಜೊತೆಯವರಿಗೆ ಹೇಳಿ. ಮುಂದೆ ಒಂದು ಹೆಜ್ಜೆಯೂ ಬೇಡ. 108ಕ್ಕೆ ಕರೆ ಮಾಡಿಸಿ, ಹೊತ್ತು ಇಳಿಸುವ ವ್ಯವಸ್ಥೆ ಆಗಲಿ. ಹಲವು ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಒಬ್ಬರೇ ಹೋಗಬಾರದು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಇಳಿಯುತ್ತೇವೆ ಎಂದು ಮನೆಯಲ್ಲಿ ಬರೆದಿಟ್ಟು ಹೋಗಬೇಕು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಹೆಚ್ಚು ನಡೆದ ದಿನ ರಕ್ತದಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯಬಹುದು. ಕೈ ನಡುಕ, ಬೆವರು, ಕಣ್ಣು ಮಂಜು, ಸಿಡುಕು ಇದರ ಗುರುತು. ಜೇಬಿನಲ್ಲಿ ಬೆಲ್ಲ, ಕಡಲೆಮಿಠಾಯಿ ಇರಲಿ. ಆ ದಿನದ ಔಷಧಿಯ ಅಳತೆಯನ್ನು ವೈದ್ಯರಲ್ಲಿ ಕೇಳಿಕೊಳ್ಳಿರಿ.

ನನ್ನದೇ ಒಂದು ತಪ್ಪು

ಬೇರೆಯವರಿಗೆ ಬುದ್ಧಿ ಹೇಳುವ ಮುನ್ನ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ಯುವಕರ ಗುಂಪನ್ನು ಒಂದು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಬಸ್ಸು ತಡವಾಗಿ, ಹತ್ತಲು ಆರಂಭಿಸಿದಾಗ ಹತ್ತು ಗಂಟೆ. ನಾಳೆ ಬರೋಣ ಎನ್ನುವ ವಿವೇಕ ನನಗಿರಲಿಲ್ಲ. ತಂದಿದ್ದ ನೀರು ಅರ್ಧ ದಾರಿಗೇ ಮುಗಿಯಿತು. ಹದಿನೇಳರ ಒಬ್ಬ ಹುಡುಗ ಮೊದಲು ತಲೆನೋವೆಂದ, ಆಮೇಲೆ ವಾಂತಿ ಮಾಡಿದ, ಆಮೇಲೆ ಅರ್ಥವಿಲ್ಲದ ಮಾತಾಡತೊಡಗಿದ. ಮೈ ಕೆಂಡದಂತೆ ಸುಡುತ್ತಿತ್ತು.

ಅದು ಬಿಸಿಲಿನ ಆಘಾತದ ಆರಂಭ ಎಂದು ನಮಗೆ ಗೊತ್ತಿರಲಿಲ್ಲ. ದನ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಬಂದು, ತನ್ನ ತಂಬಿಗೆಯ ನೀರನ್ನು ಅವನ ತಲೆ, ಕುತ್ತಿಗೆ, ಕಂಕುಳಿಗೆ ಸುರಿದು, ಸೆರಗಿನಿಂದ ಗಾಳಿ ಹಾಕಿದಳು. ಮರದ ನೆರಳಿಗೆ ಹೊತ್ತು ತಂದೆವು. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟಾಗ ಅವನ ತಾಯಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆಕೆ ಒಂದು ಮಾತೂ ಬಯ್ಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಅಂದಿನಿಂದ ನಾನು ಪಾಲಿಸುವ ನಿಯಮಗಳು ಇವು. ಸೂರ್ಯ ಹುಟ್ಟುವ ಹೊತ್ತಿಗೆ ಬುಡದಲ್ಲಿರಬೇಕು, ಹನ್ನೊಂದಕ್ಕೆ ಮುಂಚೆ ಏರು ಮುಗಿಯಬೇಕು. ತಲೆಗೊಂದಕ್ಕೆ ಕನಿಷ್ಠ ಮೂರು ಲೀಟರ್ ನೀರು. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಒಂದು ಬಾಟಲಿ ಬೇರೆ ಇಟ್ಟುಕೊಳ್ಳಿರಿ. ಅಂಗಡಿಯ ಓ.ಆರ್.ಎಸ್. ಪೊಟ್ಟಣವೂ ಆಗಬಹುದು. ರಕ್ತದೊತ್ತಡ ಇರುವವರು ಇದನ್ನು ವೈದ್ಯರನ್ನು ಕೇಳಿ ಕುಡಿಯಲಿ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಕುಡಿಯಬೇಡಿ. ಮೇಲೆ ಯಾವುದೋ ಪ್ರಾಣಿ ಇಳಿದಿರಬಹುದು.

ಮೈ ಸುಡುತ್ತಾ ಮಾತು ತಪ್ಪಿದವರಿಗೆ ಬಾಯಿಗೆ ನೀರು ಸುರಿಯಬೇಡಿ. ಮೈಗೆ ಸುರಿದು ಗಾಳಿ ಹಾಕಿರಿ. ಆ ಅಜ್ಜಿಗೆ ತಿಳಿದಿದ್ದ ವೈದ್ಯ ಅದೇ.

ಹುಳ, ಹಾವು, ಆನೆ

ಸಾವಿರ ಮೀಟರ್ ಮೇಲಕ್ಕೆ ಹೋದಂತೆ ಸುಮಾರು ಆರು ಡಿಗ್ರಿ ತಂಪಾಗುತ್ತದೆ. ಬೆವರಿದ ಮೈಗೆ ಶಿಖರದ ಗಾಳಿ ಬಡಿದರೆ ನಡುಕ ಹುಟ್ಟುತ್ತದೆ. ಒಂದು ಒಣ ಅಂಗಿ, ಮಕ್ಕಳಿಗೊಂದು ಸ್ವೆಟರ್ ಚೀಲದಲ್ಲಿರಲಿ. ಇಳಿಯುವಾಗ ಮೊಣಕಾಲಿಗೆ ಹೆಚ್ಚು ಪೆಟ್ಟು. ಕೋಲೂರಿ, ಚಿಕ್ಕ ಹೆಜ್ಜೆಯಿಟ್ಟು ಇಳಿಯಿರಿ.

ಮಳೆ ಬಿದ್ದ ಮೇಲೆ ಜಿಗಣೆಗಳು ಬರುತ್ತವೆ. ಕಿತ್ತೆಳೆಯದೆ ಉಪ್ಪು ಸವರಿದರೆ ಬಿಡುತ್ತವೆ. ಅದರಿಂದ ಅಪಾಯ ಕಡಿಮೆ. ಉಣ್ಣೆ ಮತ್ತು ಕಣ್ಣಿಗೆ ಕಾಣದ ಸಣ್ಣ ನುಸಿಗಳ ಬಗ್ಗೆ ಹೆಚ್ಚಿನ ಎಚ್ಚರಿಕೆ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಅದೂ ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ನಮ್ಮ ಕಡೆ ಹೆಚ್ಚಾಗಿ ಕಾಣುವುದು ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಜ್ವರ. ಬೆಟ್ಟದಿಂದ ಬಂದು ವಾರ ಹತ್ತು ದಿನಕ್ಕೆ ಜ್ವರ, ತಲೆನೋವು ಬಂದರೆ, ಕಂಕುಳು, ತೊಡೆಸಂದು, ಸೊಂಟದ ಬಳಿ ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹಕ್ಕಳೆ ಇದೆಯೇ ನೋಡಿರಿ. “ಬೆಟ್ಟಕ್ಕೆ ಹೋಗಿದ್ದೆ” ಎಂದು ವೈದ್ಯರಿಗೆ ತಪ್ಪದೆ ಹೇಳಿರಿ. ಬೇಗ ತಿಳಿದರೆ ಸುಲಭದ ಮಾತ್ರೆಯಿಂದ ಗುಣವಾಗುತ್ತದೆ, ತಡವಾದರೆ ಪ್ರಾಣಕ್ಕೇ ಕುತ್ತು. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಇರಲಿ. ಮನೆಗೆ ಬಂದೊಡನೆ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಿರಿ.

ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲ್ಲಾಡದಂತೆ ಕಟ್ಟಿ, ನಡೆಸದೆ ಹೊತ್ತು ಆಸ್ಪತ್ರೆಗೆ ಸೇರಿಸಿರಿ. ನಮ್ಮಲ್ಲಿ ದೊರೆಯುವ ವಿಷಹಾರಿ ಚುಚ್ಚುಮದ್ದು ನಾಗರ, ಕಟ್ಟುಹಾವು ಮತ್ತು ಎರಡು ಬಗೆಯ ಮಂಡಲದ ಹಾವಿಗೆ ಮಾತ್ರ. ಬೆಟ್ಟದ ಎಲ್ಲ ಹಾವಿಗೂ ಅದು ಮದ್ದಲ್ಲ. ಹಾಗಾಗಿ ಕೈಯಿಡುವ ಮೊದಲು ಕಲ್ಲು, ಕೊಂಬೆಗಳನ್ನು ಕಣ್ಣಿನಿಂದ ನೋಡಿರಿ.

ಆನೆಯ ವಿಷಯ ನಮ್ಮ ಅಂಚಿನ ಊರುಗಳವರಿಗೆ ನಾನು ಹೇಳಬೇಕಿಲ್ಲ. ನಸುಕು ಮತ್ತು ಮುಸ್ಸಂಜೆ ಅವು ನೀರಿಗೆ ನಡೆಯುವ ಹೊತ್ತು. ವಾಲ್ಪಾರೈಯ ತೋಟಗಳಲ್ಲಿ ಆನೆ ಬಂದಿದೆಯೆಂದು ತಿಳಿಸಲು ಎತ್ತರದಲ್ಲಿ ಕೆಂಪು ದೀಪ ಹಚ್ಚುತ್ತಾರೆ, ಫೋನಿಗೆ ಸಂದೇಶ ಕಳುಹಿಸುತ್ತಾರೆ. ಇದರಿಂದ ಎಷ್ಟೋ ಜೀವ ಉಳಿದಿದೆ. ಅಲ್ಲಿಗೆ ಹೋದಾಗ ಆ ದೀಪ ಕಂಡರೆ ಹಿಂದಿರುಗಿರಿ, ಫೋಟೋ ತೆಗೆಯಲು ಮುಂದೆ ಹೋಗಬೇಡಿ. ಹೆಜ್ಜೇನು ಕಟ್ಟಿರುವ ಬಂಡೆಯ ಕೆಳಗೆ ಹೊಗೆ, ಸುಗಂಧ, ಕೂಗಾಟ ಯಾವುದೂ ಬೇಡ.

ಬೆಟ್ಟದಿಂದ ತೋಟಕ್ಕೆ ತರಬೇಕಾದ ಪಾಠ

ರೈತನ ಕಣ್ಣಿನಿಂದ ಬೆಟ್ಟವನ್ನು ನೋಡಿದರೆ ಖರ್ಚು ಮಾಡಿದ ಹಣ ತೋಟದಲ್ಲಿ ಹಿಂದಿರುಗುತ್ತದೆ. ಶೋಲಾ ಕಾಡಿನೊಳಗೆ ನಿಂತು ಒಂದು ಹಿಡಿ ಮಣ್ಣನ್ನು ಮುಟ್ಟಿ ನೋಡಿರಿ. ಏಪ್ರಿಲ್‌ನಲ್ಲೂ ತೇವ. ಯಾರೂ ನೀರು ಹಾಯಿಸಿಲ್ಲ. ಉದುರಿದ ಎಲೆ ಗೇಣುದ್ದ ಹಾಸಿ, ಬಿದ್ದ ಮಳೆಯನ್ನು ಹೀರಿ, ತಿಂಗಳುಗಟ್ಟಲೆ ಹನಿ ಹನಿಯಾಗಿ ಬಿಡುತ್ತದೆ. ಬೇಸಿಗೆಯಲ್ಲೂ ತೊರೆ ಬತ್ತದಿರುವ ಗುಟ್ಟು ಅದೇ. ನಾವಾದರೋ ತೆಂಗಿನ ಗರಿ, ಮಟ್ಟೆಯನ್ನು ರಾಶಿ ಹಾಕಿ ಬೆಂಕಿಯಿಟ್ಟು, ಬರಿಯ ನೆಲಕ್ಕೆ ನೀರು ಬಿಟ್ಟು, ಕೊಳವೆ ಬಾವಿ ಬತ್ತಿತೆಂದು ಇನ್ನೂ ಆಳಕ್ಕೆ ಕೊರೆಸುತ್ತೇವೆ. ಈ ವರ್ಷ ಹತ್ತು ಮರದ ಪಾತಿಗಾದರೂ ಮಟ್ಟೆಯನ್ನು ಹೂತು, ಗರಿ ಮುಚ್ಚಿ ನೋಡಿರಿ. ನೀರಿನ ಸರದಿ ತಡವಾದಾಗ ಆ ಹತ್ತು ಮರಗಳೇ ನಿಮಗೆ ಉತ್ತರ ಹೇಳುತ್ತವೆ.

ಟಾಪ್‌ಸ್ಲಿಪ್‌ಗೆ ಹೋದವರು ಅಲ್ಲಿಯ ಒಂದು ಸಮಾಧಿಯನ್ನು ನೋಡಿ ಬನ್ನಿರಿ. ಹಡಗು, ರೈಲು ಹಳಿಗಳಿಗೆಂದು ತೇಗವನ್ನು ಕಡಿದು, ದಿಮ್ಮಿಗಳನ್ನು ಮೇಲಿನಿಂದ ಜಾರಿಸುತ್ತಿದ್ದುದರಿಂದ ಆ ಊರಿಗೆ ಆ ಹೆಸರು. ಕಡಿದು ಬರಿದಾದ ಆ ಬೆಟ್ಟವನ್ನು ಮತ್ತೆ ಕಾಡು ಮಾಡಿದವರು ಹ್ಯೂಗೋ ವುಡ್ ಎಂಬ ಅರಣ್ಯಾಧಿಕಾರಿ. ನಡೆಯುವಾಗ ಜೇಬಿನಲ್ಲಿ ತೇಗದ ಬೀಜ ತುಂಬಿಕೊಂಡು, ಊರುಗೋಲಿನಿಂದ ಗುಳಿ ಮಾಡಿ, ಒಂದೊಂದೇ ಬೀಜ ಹಾಕುತ್ತಾ ಹೋಗುತ್ತಿದ್ದರೆಂದು ಅಲ್ಲಿಯವರು ಈಗಲೂ ಹೇಳುತ್ತಾರೆ. 1933ರಲ್ಲಿ ತೀರಿಕೊಂಡ ಅವರನ್ನು ಅವರ ಇಷ್ಟದಂತೆ ಆ ತೇಗದ ಮರಗಳ ನಡುವೆಯೇ ಮಣ್ಣು ಮಾಡಲಾಗಿದೆ. ನಡಿಗೆ ಎಂದರೆ ಹೀಗಿರಬೇಕು.

ನಾವು ನಡೆದಲ್ಲಿ ಬಿಟ್ಟು ಬರುವುದು ಏನು? ಪ್ಲಾಸ್ಟಿಕ್ ಚೀಲ, ಬಿಸ್ಕತ್ತಿನ ಹೊದಿಕೆ. ಉಪ್ಪಿನ ರುಚಿಗೆ ಆನೆ, ಜಿಂಕೆಗಳು ಅದನ್ನೂ ನುಂಗುತ್ತವೆ. ಬೆಟ್ಟದಲ್ಲಿ ತಿಳಿಯಾಗಿ ಹುಟ್ಟುವ ನೊಯ್ಯಲ್ ಕೆಳಗೆ ಬಂದಾಗ ಏನಾಯಿತು ಎಂಬುದು ನಮಗೆ ಗೊತ್ತಿದೆ. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ಕಾರ್ಖಾನೆಗಳ ಕೊಳೆ ನಿಂತು, ಕೆಳಗಿನ ರೈತರ ಬಾವಿ ಕೆಟ್ಟು, ಕೊನೆಗೆ 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವೇ ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಬೇಕಾಯಿತು. ಮೂಲವನ್ನೂ ನಾವೇ ಕೆಡಿಸಿದರೆ ಯಾವ ನ್ಯಾಯಾಲಯಕ್ಕೆ ಹೋಗುವುದು? ಒಯ್ದುದನ್ನೆಲ್ಲಾ ಚೀಲದಲ್ಲೇ ಹಿಂದಕ್ಕೆ ತನ್ನಿರಿ ಎಂದು ಮಕ್ಕಳಿಗೆ ಕಲಿಸಿರಿ.

ಕೊನೆಗೆ ನಮ್ಮ ರೈತರ ವಿಷಯ. ಗುರುವಾರ ಸಂಜೆ ಮತ್ತೆ ಬಂದಿದ್ದರು. ಮನೆಯಾಕೆ ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳಂತೆ. ಒತ್ತಡ ನೋಡಿದ ಡಾಕ್ಟರು ಎರಡು ಸಲ ನೋಡಿ, ಮಾತ್ರೆ ಬರೆದು, ಮೂರು ತಿಂಗಳು ಏರು ಹತ್ತಕೂಡದೆಂದು ಹೇಳಿದರಂತೆ.

“ಹುಡುಗರು ಬೇಜಾರು ಮಾಡ್ಕೊಂಡರಾ?” ಎಂದೆ.

“ಇಲ್ಲ ಸ್ವಾಮಿ. ಎಲ್ಲರೂ ತಿರುಮೂರ್ತಿ ಅಣೆಕಟ್ಟಿಗೆ ಬುತ್ತಿ ಕಟ್ಟಿಕೊಂಡು ಹೋಗ್ತೀವಿ. ನಾನು ಕೆಳಗೆ ಕೂತು ನಮ್ಮ ನೀರು ನೋಡ್ತೀನಿ. ನಾಳೆಯಿಂದ ಕಾಲುವೆ ಏರಿ ಮೇಲೆ ನಡಿಗೆ. ಜನವರಿಗೆ ಡಾಕ್ಟರು ಹೂಂ ಅಂದ್ರೆ ಬೆಟ್ಟ.”

ಹೋಗುವಾಗ ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದರು. ಎರಡು ಗುಳಿಗೆ ಆಗಲೇ ಖಾಲಿಯಾಗಿತ್ತು.